ಬಾಲ ಕಳೆದುಕೊಂಡ ವಂಶ

ಮೆಟ್ಟಿಲು ಜಾರಿ ಕುಕ್ಕರಿಸಿ ಬಿದ್ದವರಿಗೆ ಆ ನೋವು ಎಲ್ಲಿಂದ ಎದ್ದು ಬರುತ್ತದೆಂದು ಹೇಳಬೇಕಾಗಿಲ್ಲ. ಬೆನ್ನುಮೂಳೆ ಮುಗಿಯುವ ಜಾಗದಲ್ಲಿ ಒಂದು ಚಿಕ್ಕ ಮೂಳೆ ಒಳಕ್ಕೆ ಬಾಗಿಕೊಂಡಿದೆ. ಮೂರರಿಂದ ಐದು ಪುಟ್ಟ ಕಶೇರುಗಳು ಬೆಸೆದು ಆದದ್ದು. ಡಾಕ್ಟರು ಕಾಕ್ಸಿಕ್ಸ್ ಅನ್ನುತ್ತಾರೆ, ನಾವು ಬಾಲದ ಮೂಳೆ ಅನ್ನುತ್ತೇವೆ. ನಮ್ಮ ಮಾತೇ ಹೆಚ್ಚು ಸರಿ, ಏಕೆಂದರೆ ಅದು ನಿಜವಾಗಿ ಬಾಲದ್ದೇ ಮೂಳೆ. ತಾಯಿಯ ಹೊಟ್ಟೆಯಲ್ಲಿ ಐದು ವಾರದ ಭ್ರೂಣಕ್ಕೆ ಬಾಲವಿರುತ್ತದೆ. ಎಂಟನೆಯ ವಾರ ಮುಗಿಯುವಷ್ಟರಲ್ಲಿ ಅದು ಕರಗಿ, ಬುಡವಷ್ಟೇ ಉಳಿಯುತ್ತದೆ.

ಮಂಗನಿಂದ ಮಾನವ ಎಂದು ಕೇಳುತ್ತಲೇ ಬೆಳೆದಿದ್ದೇವೆ. ಆ ಮಾತು ತಪ್ಪು. ದೇವಸ್ಥಾನದ ಮೆಟ್ಟಿಲ ಮೇಲೆ ಕಾಯಿ ಕಸಿಯುವ ಕೋತಿಯಾಗಲಿ, ಹುಣಸೆಮರದ ಮುಸುವವಾಗಲಿ ನಮ್ಮ ಪೂರ್ವಜರಲ್ಲ, ದೂರದ ದಾಯಾದಿಗಳು. ಮುಸುವ ಹೆಂಚಿನ ಮಾಡಿಗೆ ನೆಗೆಯುವಾಗ ಒಮ್ಮೆ ಗಮನವಿಟ್ಟು ನೋಡಿ. ಮೈಗಿಂತ ಉದ್ದದ ಆ ಬಾಲ ಗಾಳಿಯಲ್ಲಿ ಬೀಸಿ, ಕಾಲೂರುವ ಹೊತ್ತಿಗೆ ಮೈತೂಕವನ್ನು ಸರಿದೂಗಿಸುತ್ತದೆ. ಇಷ್ಟು ಉಪಯುಕ್ತ ಅಂಗವನ್ನು ಕಳೆದುಕೊಂಡ ಕುಟುಂಬ ಒಂದಿದೆ: ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ, ಬೊನೊಬೊ ಮತ್ತು ನಾವು. ಈ ಗುಂಪಿಗೆ ಕನ್ನಡದಲ್ಲಿ ಮನೆಮಾತಿನ ಹೆಸರಿಲ್ಲ, ನಮ್ಮ ಕಾಡುಗಳಲ್ಲಿ ಇವು ಇಲ್ಲವಲ್ಲ. ನಮ್ಮನ್ನು ಬಿಟ್ಟರೆ ಭಾರತಕ್ಕೆ ಸೇರಿದ್ದು ಈಶಾನ್ಯದ ಹೂಲಾಕ್ ಗಿಬ್ಬನ್ ಮಾತ್ರ. ಇದರಲ್ಲಿ ನನಗೆ ಇಂದಿಗೂ ಮೈ ಜುಮ್ಮೆನಿಸುವ ಸಂಗತಿ ಎಂದರೆ, ಚಿಂಪಾಂಜಿಗೆ ಗೊರಿಲ್ಲಾಕ್ಕಿಂತ ನಾವೇ ಹತ್ತಿರದ ನೆಂಟರು. ನಮ್ಮಿಬ್ಬರ ದಾರಿ ಬೇರೆಯಾದದ್ದು ಸುಮಾರು 60-70 ಲಕ್ಷ ವರ್ಷಗಳ ಹಿಂದೆ.

ಬಾಲ ಹೋದದ್ದು ಅದಕ್ಕೂ ಬಹಳ ಮೊದಲು, ಸುಮಾರು ಎರಡೂವರೆ ಕೋಟಿ ವರ್ಷದ ಹಿಂದೆ. ಹೇಗೆ ಹೋಯಿತು? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಬೋ ಶಿಯಾ ಅವರಿಗೆ ಬಾಲದ ಮೂಳೆಗೇ ಪೆಟ್ಟಾಗಿ, ಆ ನೋವಿನಲ್ಲಿ ಈ ಪ್ರಶ್ನೆ ಹುಟ್ಟಿತಂತೆ. ಅವರ ತಂಡದ ಉತ್ತರ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅವರು ಹುಡುಕಿದ್ದು ಟಿಬಿಎಕ್ಸ್‌ಟಿ ಎಂಬ ಜೀನಿನಲ್ಲಿ. ಇದರ ಸುಳಿವು ಹಳೆಯದು. 1927ರಲ್ಲೇ ಪ್ಯಾರಿಸ್ಸಿನಲ್ಲಿ ನಾದೆಝ್ದಾ ದೊಬ್ರೊವೊಲ್ಸ್ಕಾಯಾ-ಝವಾದ್ಸ್ಕಾಯಾ ಎಂಬ ವಿಜ್ಞಾನಿ ಮೋಟುಬಾಲದ ಇಲಿಗಳಲ್ಲಿ ಇದರ ಕೈವಾಡ ಗುರುತಿಸಿದ್ದರು.

ನಮ್ಮ ಡಿಎನ್‌ಎಯಲ್ಲಿ ಅಲೂ ಎಂಬ ಸುಮಾರು 300 ಅಕ್ಷರಗಳ ತುಣುಕುಗಳಿವೆ. ತಮ್ಮ ನಕಲು ಮಾಡಿಸಿಕೊಂಡು ಎಲ್ಲೆಂದರಲ್ಲಿ ನುಸುಳುವುದು ಅವುಗಳ ಸ್ವಭಾವ. ಅಂಥದೊಂದು ತುಣುಕು ನಮ್ಮ ಪೂರ್ವಜನೊಬ್ಬನಲ್ಲಿ ಈ ಜೀನಿನೊಳಕ್ಕೆ ಬಂದು ಕೂತಿತು. ಹತ್ತಿರದಲ್ಲೇ, ತಿರುವುಮುರುವಾಗಿ, ಇನ್ನೊಂದು ಹಳೆಯ ಅಲೂ ಇತ್ತು. ಜೀನಿನ ಪ್ರತಿ ತೆಗೆಯುವಾಗ ಇವೆರಡೂ ಕೊಂಡಿಯಂತೆ ಅಂಟಿಕೊಳ್ಳುತ್ತವೆ, ನಡುವಿನ ಭಾಗ ಕುಣಿಕೆಯಾಗಿ ಹೊರಗುಳಿಯುತ್ತದೆ. ಹೀಗೆ ತಯಾರಾಗುವ ಪ್ರೋಟೀನಿನಲ್ಲಿ ಒಂದು ತುಂಡು ಖೋತಾ. ಇಲಿಗಳಲ್ಲಿ ಅಂಥ ಕೊರತೆಯನ್ನು ಉಂಟುಮಾಡಿ ನೋಡಿದಾಗ ಕೆಲವಕ್ಕೆ ಬಾಲ ಗಿಡ್ಡವಾಯಿತು, ಕೆಲವಕ್ಕೆ ಬಾಲವೇ ಬರಲಿಲ್ಲ. ಕೆಲವು ಮರಿಗಳಲ್ಲಿ ಬೆನ್ನುಹುರಿಯ ನಾಳ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ಮನುಷ್ಯರ ಕೂಸುಗಳನ್ನೂ ಕಾಡುವ ದೋಷ ಅದು. ಬಾಲ ಬಿಟ್ಟದ್ದಕ್ಕೆ ತೆತ್ತ ಬೆಲೆಯ ಬಾಕಿ ಇನ್ನೂ ತೀರಿಲ್ಲವೇನೋ.

ಬಾಲ ಹೋದರೂ ಅದನ್ನು ಅಲ್ಲಾಡಿಸುತ್ತಿದ್ದ ಸ್ನಾಯುಗಳು ಹೋಗಲಿಲ್ಲ. ಕೋತಿಯಲ್ಲಿ ಅವು ಇವತ್ತಿಗೂ ಬಾಲವನ್ನು ಎಳೆದಾಡಿಸುತ್ತವೆ. ಎದ್ದು ನಿಂತ ನಮ್ಮಲ್ಲಿ ಅವು ಬಾಲದ ಮೂಳೆಯಿಂದ ಮುಂದಕ್ಕೆ ಜೋಲಿಯಂತೆ ಹರಡಿ, ಮೂತ್ರಕೋಶ, ಗರ್ಭಕೋಶ, ಮಲಾಶಯಗಳ ಭಾರವನ್ನು ಕೆಳಗಿನಿಂದ ಹೊತ್ತಿವೆ. ಹೆರಿಗೆಯಲ್ಲಿ ಸಡಿಲಗೊಳ್ಳುವುದೂ ಇವೇ. ಗರ್ಭಕೋಶ ಜಾರಿತೆಂದು ಎಷ್ಟೋ ಹೆಂಗಸರು ಯಾರಿಗೂ ಹೇಳದೆ ನರಳುವುದು ಇವು ಸೋತಾಗ. ಮೂತ್ರ ತಡೆದು ಹಿಡಿದಂತೆ ಒಳಗಿನಿಂದ ಬಿಗಿಹಿಡಿದು ಬಿಡಿ, ಹೀಗೆ ದಿನಕ್ಕೆ ಹಲವು ಸಲ ಮಾಡಿ ಎಂದು ಬಾಣಂತಿಗೆ ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ. ಆಗ ಅವಳು ಬಿಗಿಯುವುದು ಹಿಂದೊಮ್ಮೆ ಬಾಲ ಆಡಿಸುತ್ತಿದ್ದ ಸ್ನಾಯುಗಳನ್ನೇ.