ಎಲೆಯ ಮೇಲಿನ ಧೂಳೂ ಪಾಠವೇ

ಸರ್ವೋಚ್ಚ ನ್ಯಾಯಾಲಯದ 1991ರ ಆದೇಶದ ಫಲವಾಗಿ ಪರಿಸರ ಅಧ್ಯಯನವು ಪದವಿ ತರಗತಿಗಳನ್ನು ಪ್ರವೇಶಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ ಪಠ್ಯಕ್ರಮವು 100 ಅಂಕಗಳಲ್ಲಿ 25ನ್ನು ಕ್ಷೇತ್ರಕಾರ್ಯಕ್ಕೆ ಮೀಸಲಿಟ್ಟಿತು. ಹಳೆಯ ವರದಿಯನ್ನು ನಕಲು ಮಾಡಿದರೆ ಅಂಕ ದೊರೆತೀತು, ಅರಿವು ದೊರೆಯದು.

ಪ್ರಯೋಗಾಲಯವನ್ನು ಅರಸಿ ನಾವು ದೂರ ಹೋಗಬೇಕಿಲ್ಲ. ವಾಡಿ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ, ಶಹಾಬಾದ, ಚಿತ್ತಾಪುರಗಳ ಸುತ್ತ ಹಾಸುಗಲ್ಲಿನ ಗಣಿಗಳಿವೆ, ಚಿಂಚೋಳಿಯಲ್ಲಿ ವನ್ಯಜೀವಿಧಾಮವಿದೆ. ಕಾರ್ಖಾನೆಯ ಬಳಿಯ ಬೇವಿನೆಲೆ, ಚಿಂಚೋಳಿಯ ಬೇವಿನೆಲೆ ಎರಡನ್ನೂ ಸಮನಾಗಿ ತೂಗಿ ತೊಳೆದು, ಆ ನೀರನ್ನು ಇಂಗಿಸಿ, ಉಳಿದ ಧೂಳನ್ನು ತೂಗಿ ವಾರವಾರವೂ ಬರೆದಿಟ್ಟರೆ ಅದೇ ಸಂಶೋಧನೆ.

ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಆಲಿಸಬೇಕೆಂದು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪರಿಪತ್ರದಲ್ಲಿ ಬೋಧಿಸಿದರು. ಆ ಧೂಳನ್ನು ಉಸಿರಾಡುವವರು ಗಣಿ ಕೂಲಿಗಳು. ಅವರ ಮಕ್ಕಳು ಪದವಿ ತರಗತಿಗೆ ಬಂದಾಗ ಅವರ ಕೈಗೆ ತಕ್ಕಡಿಯನ್ನು ನೀಡೋಣ.