ಕೊಬ್ಬರಿ ಧಾರಣೆ ನೋಡಿದವರ ಬೆನ್ನು ಹತ್ತುವ ಜಾಹೀರಾತು

ಪ್ರಶ್ನೆ: ಮೊಬೈಲಿನಲ್ಲಿ ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ನೋಡಿದ ಮೇಲೆ, ಸುದ್ದಿ ಓದಲು ಹೋದರೂ ಕಾಯಿ ಸುಲಿಯುವ ಯಂತ್ರದ ಜಾಹೀರಾತೇ ಬರುತ್ತದೆ. ಹೇಗೆ?
– ಓದುಗರೊಬ್ಬರು, ತುರುವೇಕೆರೆ

ಉತ್ತರ: ಇದು ಹೆಚ್ಚಾಗಿ ಕುಕಿಯ ಕೆಲಸ. ವೆಬ್‌ಸೈಟು ಬ್ರೌಸರಿನಲ್ಲಿ ಬರೆದಿಡುವ ಪುಟ್ಟ ಗುರುತು ಅದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಇದನ್ನು ರೂಪಿಸಿದರು. ಗ್ರಾಹಕ ಪುಟ ಬದಲಿಸಿದರೂ ಆರಿಸಿದ ಸಾಮಾನು ತಾಣಕ್ಕೆ ನೆನಪಿರಲಿ ಎಂಬುದು ಆಗಿನ ಉದ್ದೇಶ. ಲಾಗಿನ್ ಉಳಿಯುವುದೂ ಇದರಿಂದಲೇ.

ತೊಡಕಿರುವುದು ಮೂರನೆಯವರ ಕುಕಿಯಲ್ಲಿ. ಧಾರಣೆ ತೋರಿಸುವ ಖಾಸಗಿ ತಾಣದಲ್ಲಿ ಯಾವುದೋ ಜಾಹೀರಾತು ಜಾಲದ ತುಣುಕು ಸೇರಿದ್ದರೆ, ಅದೂ ಬ್ರೌಸರಿಗೊಂದು ಸಂಖ್ಯೆ ಅಂಟಿಸುತ್ತದೆ. ಸುದ್ದಿತಾಣದಲ್ಲೂ ಅದೇ ಜಾಲವಿದ್ದರೆ ಸಂಖ್ಯೆ ನೋಡಿ ಗುರುತು ಹಿಡಿಯುತ್ತದೆ. ಅದಕ್ಕೆ ಹೆಸರು ಬೇಕಿಲ್ಲ. ಚಿಕ್ಕನಾಯಕನಹಳ್ಳಿಯ ರೈತ ನುಸಿಪೀಡೆಗೆ ಮದ್ದು ಹುಡುಕಿದ್ದು, ಚಿನ್ನದ ಸಾಲದ ಬಡ್ಡಿ ನೋಡಿದ್ದು ಒಂದೇ ಕಡೆ ಸೇರಿದರೆ ಅವನ ಕಷ್ಟವೇ ಬಯಲಾದಂತೆ. ಯಂತ್ರದ ಜಾಹೀರಾತಿಗಿಂತ ಚಿಂತೆ ಮಾಡಬೇಕಾದದ್ದು ಇದಕ್ಕೆ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ವೈಯಕ್ತಿಕ ಮಾಹಿತಿ ಬಳಸಲು ಒಪ್ಪಿಗೆ ಬೇಕೆನ್ನುವ ಕಾಯ್ದೆ 2023ರಲ್ಲಿ ಬಂತು.

ಸಫಾರಿ ಬ್ರೌಸರು 2020ರಿಂದ ಮೂರನೆಯವರ ಕುಕಿಗಳನ್ನು ತಾನಾಗಿ ತಡೆಯುತ್ತದೆ. ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ಗೆ ಹೋಗಿ ಅವನ್ನು ನಿರ್ಬಂಧಿಸಬಹುದು. ಧಾರಣೆ ಆಗಲೂ ಕಾಣುತ್ತದೆ, ಇವತ್ತೇ ಮಾಡಿ.