ಹಂಗಾಮು ಮುಗಿದ ಮೇಲೆ ಲಿಕ್ಟನ್‌ಸ್ಟೈನ್

ಪರದೇಶ ನೋಡಲು ಹೋಗುವವರು ಮೇ, ಜೂನ್ ತಿಂಗಳಲ್ಲಿ ಹೋಗಬೇಕು, ಹಿಮ ನೋಡುವ ಆಸೆಯಿದ್ದರೆ ಜನವರಿಯಲ್ಲಿ ಹೋಗಬೇಕು ಎಂದು ಹೋಗಿಬಂದವರು ಹೇಳುತ್ತಾರೆ. ನಮಗೆ ಎರಡೂ ಹೊಂದುವುದಿಲ್ಲ. ಮೇ ತಿಂಗಳೆಂದರೆ ಲಗ್ನಸರಾಯಿ. ಅರಿವೆ ಅಂಗಡಿಯವನು ಆ ಹೊತ್ತಿನಲ್ಲಿ ಗಾದಿ ಬಿಟ್ಟು ಎದ್ದರೆ ವರ್ಷದ ಗಳಿಕೆಯೇ ಎದ್ದುಹೋದಂತೆ. ಅದು ಮುಗಿಯುತ್ತಲೇ ಚಾತುರ್ಮಾಸ. ದೀಪಾವಳಿಗೆ ಹೊಸ ಕೀರ್ದಿ ಪುಸ್ತಕದ ಪೂಜೆಯಾಗಿ, ಕಾರ್ತಿಕದ ನಂದೀಶ್ವರ ಪರ್ವವೂ ಮುಗಿದ ಮೇಲೆ ಸಿಗುವ ಎರಡು ಮೂರು ವಾರವೇ ನಮ್ಮಂಥವರ ಬಿಡುವು. ಹೀಗಾಗಿ 2022ರ ನವೆಂಬರಿನಲ್ಲಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ನಾವೂ ನಮ್ಮ ಮನೆಯವರೂ ಜೂರಿಕ್‌ನಲ್ಲಿರುವ ಮಗನ ಮನೆಗೆ ಹೊರಟೆವು. ಆ ಕಡೆ ಅದು ಹಂಗಾಮಿಲ್ಲದ ಕಾಲ. ಬೇಸಿಗೆಯ ಪ್ರವಾಸಿಗಳು ಮರಳಿರುತ್ತಾರೆ, ಹಿಮದ ಮೇಲೆ ಜಾರಲು ಬರುವವರು ಇನ್ನೂ ಬಂದಿರುವುದಿಲ್ಲ. ವಸತಿಯ ದರ ಇಳಿದಿರುತ್ತದೆ. ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು?

ಮಗನಿಗೆ ರಜೆ ಇರಲಿಲ್ಲ. ಅವನೇ ಒಂದು ಉಪಾಯ ಹೇಳಿದ. ಪಕ್ಕದಲ್ಲೇ ಲಿಕ್ಟನ್‌ಸ್ಟೈನ್ ಎಂಬ ಚಿಕ್ಕ ದೇಶವಿದೆ, ಶುಕ್ರವಾರದಿಂದ ರವಿವಾರದ ತನಕ ನೋಡಿ ಬನ್ನಿರಿ, ಭಾಷೆಗೆ ಮೊಮ್ಮಗನನ್ನು ಕರೆದುಕೊಳ್ಳಿರಿ ಎಂದ. ಮೊಮ್ಮಗನಿಗೆ ಹತ್ತು ವರ್ಷ. ಜರ್ಮನ್ ಅವನ ಬಾಯಲ್ಲಿ ನೀರು ಕುಡಿದಂತೆ. ಕನ್ನಡ ತಿಳಿಯುತ್ತದೆ, ಆದರೆ ಆಡುವುದಿಲ್ಲ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ನಾವು ಮ್ಯಾಟ್ರಿಕ್ ತನಕ ಓದಿದವರು, ಹೇಗೋ ನಿಭಾಯಿಸುತ್ತೇವೆ. ನಮ್ಮ ಮನೆಯವರ ಸಂಕಟ ಬೇರೆ. “ಫೋನಿನಾಗ ಊಟ ಆತೇನು, ಊಟ ಆತೇನು ಅಂತ ಎಷ್ಟು ವರ್ಷ ಕೇಳಲಿ?” ಎಂದು ಊರಲ್ಲಿ ಎಷ್ಟೋ ಸಲ ಕಣ್ಣಲ್ಲಿ ನೀರು ತಂದದ್ದುಂಟು.

ಜೂರಿಕ್‌ನಿಂದ ಸಾರ್ಗಾನ್ಸ್ ಎಂಬ ಸ್ಟೇಶನ್ನಿಗೆ ರೈಲಿನಲ್ಲಿ ಒಂದು ತಾಸು. ಅಲ್ಲಿಂದ ಬಸ್ಸು. ಬಸ್ಸು ರೈನ್ ನದಿಯ ಮೇಲಿನ ಸೇತುವೆ ದಾಟಿತು. ಮೊಮ್ಮಗ, ಇದೀಗ ಬೇರೆ ದೇಶಕ್ಕೆ ಬಂದೆವು ಎಂದ. ನಾವು ಕಿಡಕಿಯಿಂದ ಹೊರಗೆ ನೋಡಿದೆವು. ಗೇಟಿಲ್ಲ, ನಾಕಾ ಇಲ್ಲ, ಟೊಪ್ಪಿಗೆಯವರಿಲ್ಲ. ನಾವು ಗಡಿಯ ಜನ, ನಮಗೆ ಇದು ನಂಬಲು ಕಠಿಣ. ಜತ್ತದಿಂದ ವಿಜಾಪುರಕ್ಕೆ ಒಂದೇ ದೇಶದೊಳಗೆ ಹೋಗುವಾಗಲೂ, 2017ರಲ್ಲಿ ಜಿ.ಎಸ್.ಟಿ. ಬರುವ ಮುಂಚೆ, ಒಂದು ಗಂಟು ಸೀರೆಗೆ ಎಷ್ಟು ಕಾಗದ ತೋರಿಸಬೇಕಾಗಿತ್ತು ಎಂಬುದು ವಾಚಕ ಬಂಧುಗಳಲ್ಲಿ ಅನೇಕರಿಗೆ ಗೊತ್ತು.

ಈ ದೇಶದ ವಿಸ್ತಾರ 160 ಚದರ ಕಿಲೋಮೀಟರ್. ನಮ್ಮ ಜತ್ತ ತಾಲೂಕಿನ ಹತ್ತನೆಯ ಒಂದು ಪಾಲೂ ಆಗುವುದಿಲ್ಲ. ಜನಸಂಖ್ಯೆ ಸುಮಾರು ನಲವತ್ತು ಸಾವಿರ. ಪಶ್ಚಿಮಕ್ಕೆ ಸ್ವಿಟ್ಜರ್ಲೆಂಡ್, ಪೂರ್ವಕ್ಕೆ ಆಸ್ಟ್ರಿಯಾ. ಇಲ್ಲಿಯವನು ಸಮುದ್ರ ಮುಟ್ಟಬೇಕಾದರೆ ಎರಡು ದೇಶ ದಾಟಬೇಕು. ಜಗತ್ತಿನಲ್ಲಿ ಇಂಥ ದೇಶ ಇನ್ನೊಂದೇ ಇದೆ, ಉಜ್ಬೆಕಿಸ್ತಾನ. ವಿಮಾನ ನಿಲ್ದಾಣವಿಲ್ಲ. ಸೈನ್ಯವನ್ನು 1868ರಲ್ಲೇ ತೆಗೆದುಹಾಕಿದರು. 1866ರ ಯುದ್ಧಕ್ಕೆ ಎಂಬತ್ತು ಜನ ಹೋಗಿ ಎಂಬತ್ತೊಂದು ಜನ ಮರಳಿದರು, ದಾರಿಯಲ್ಲಿ ಒಬ್ಬ ಗೆಳೆಯ ಜೊತೆಯಾದ ಎಂದು ಹೇಳುತ್ತಾರೆ. ಮೊಮ್ಮಗ ಈ ಕಥೆಯನ್ನು ಮೂರು ಸಲ ಹೇಳಿಸಿಕೊಂಡ. ಇವರ ರಾಷ್ಟ್ರೀಯ ದಿನ ನಮ್ಮ ಸ್ವಾತಂತ್ರ್ಯ ದಿನದಂದೇ, ಆಗಸ್ಟ್ 15.

ದೇಶ ಹುಟ್ಟಿದ್ದೇ ಖರೀದಿಯಿಂದ. ಲಿಕ್ಟನ್‌ಸ್ಟೈನ್ ಎಂಬ ಶ್ರೀಮಂತ ಮನೆತನ ಆಸ್ಟ್ರಿಯಾದ ಕಡೆಯದು. ಸಾಮ್ರಾಜ್ಯದ ಸಭೆಯಲ್ಲಿ ಒಂದು ಕುರ್ಚಿ ಬೇಕೆಂದು ಅವರು 1699ರಲ್ಲಿ ಶೆಲೆನ್‌ಬರ್ಗ್ ಎಂಬ ಭಾಗವನ್ನೂ 1712ರಲ್ಲಿ ವಾದುಜ್ ಭಾಗವನ್ನೂ ಕೊಂಡರು. 1719ರಲ್ಲಿ ಚಕ್ರವರ್ತಿ ಎರಡನ್ನೂ ಕೂಡಿಸಿ ಸಂಸ್ಥಾನವೆಂದು ಸಾರಿದ. ಕೊಂಡವರು ಮಾತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ಇತ್ತ ತಲೆಹಾಕಲಿಲ್ಲ. ಆಳುವ ಪ್ರಭು ಇಲ್ಲಿ ಮನೆ ಮಾಡಿದ್ದು 1938ರಲ್ಲಿ. ಈಗ ವಾದುಜ್ ಊರಿನ ಮೇಲಿನ ಕೋಟೆಯೇ ಅವರ ಮನೆ, ಹೊರಗಿನವರಿಗೆ ಪ್ರವೇಶವಿಲ್ಲ. 2004ರಲ್ಲಿ ಪ್ರಭು ಎರಡನೆಯ ಹಾನ್ಸ್ ಆಡಮ್ ಪಟ್ಟವನ್ನು ತಾವೇ ಇಟ್ಟುಕೊಂಡು ಕಾರಭಾರವನ್ನು ಮಗ ಅಲೋಯ್ಸ್‌ಗೆ ಒಪ್ಪಿಸಿದರು. ಅಂದರೆ ಗಾದಿ ಅಪ್ಪನದು, ಗಲ್ಲಾ ಮಗನದು. ಇದನ್ನು ಓದಿ ನಾವು ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ನಮ್ಮ ಗಲ್ಲಾ ಹಿಡಿಯುವ ಮಗ ಜೂರಿಕ್‌ನಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದಾನೆ.

ವಾದುಜ್ ರಾಜಧಾನಿ ಎನ್ನುವುದು ಹೆಸರಿಗೆ, ಜನ ಆರು ಸಾವಿರದಷ್ಟು. ಒಂದು ನೆಟ್ಟಗಿನ ಪೇಟೆ, ಗಾಡಿಗಳಿಗೆ ಪ್ರವೇಶವಿಲ್ಲ. ಬೇಸಿಗೆಯಲ್ಲಿ ಬಸ್ಸುಗಟ್ಟಲೆ ಜನ ಇಳಿದು, ಪಾಸ್‌ಪೋರ್ಟಿನಲ್ಲಿ ಹಣ ಕೊಟ್ಟು ನೆನಪಿನ ಶಿಕ್ಕಾ ಹಾಕಿಸಿಕೊಂಡು ಒಂದು ತಾಸಿನಲ್ಲಿ ಹೊರಡುತ್ತಾರಂತೆ. ನಾವು ಹೋದಾಗ ಬೀದಿಯಲ್ಲಿ ಮಂಜು ಬಿಟ್ಟರೆ ಯಾರೂ ಇರಲಿಲ್ಲ. ಕೋಟೆಯೂ ಕಾಣಲಿಲ್ಲ. ಹೋಟೆಲಿನ ಹೊರಗಿನ ಕುರ್ಚಿಗಳನ್ನು ಸರಪಳಿ ಹಾಕಿ ಕಟ್ಟಿದ್ದರು. ಒಂದು ಕಪ್ಪು ಕಾಫಿಯ ದರ ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ನಾನೂರರ ಆಸುಪಾಸು. ಶಿಕ್ಕಾ ಹಾಕಿಸಿ ಎಂದು ಮೊಮ್ಮಗ ಹಟ ಹಿಡಿದ, ಹಾಕಿಸಿದೆವು. ಅಂಚೆ ಚೀಟಿಗಳ ಸಂಗ್ರಹಾಲಯ ಮಾತ್ರ ನೋಡುವಂಥದು. 1912ರಿಂದ ಇವರು ತಮ್ಮದೇ ಚೀಟಿ ತೆಗೆದು, ಜಗತ್ತಿನ ಸಂಗ್ರಾಹಕರಿಗೆ ಮಾರಿ ಬೊಕ್ಕಸ ತುಂಬಿಸಿಕೊಂಡರು. ಕಾಗದದ ಚೂರಿಗೆ ಗಿರಾಕಿ ಹುಟ್ಟಿಸುವುದು ಸಣ್ಣ ಕೌಶಲವಲ್ಲ.

ಆದರೆ ಈ ಊರಿನಲ್ಲಿ ನಮ್ಮ ಚಿಂತೆ ಬೇರೆಯೇ ಆಗಿತ್ತು. ನವೆಂಬರಿನಲ್ಲಿ ಇಲ್ಲಿ ಸಂಜೆ ಐದರೊಳಗೆ ಸೂರ್ಯ ಮುಳುಗುತ್ತಾನೆ. ನಾವಿಬ್ಬರೂ ರಾತ್ರಿ ಉಣ್ಣುವುದಿಲ್ಲ. ಇಲ್ಲಿಯ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಎರಡಕ್ಕೆ ಮುಗಿದರೆ ಮತ್ತೆ ಒಲೆ ಹೊತ್ತುವುದು ಆರಕ್ಕೆ. ನಡುವೆ ಏನೂ ಸಿಗದು. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದವು, ಅವು ಎಷ್ಟು ಹೊತ್ತು ಬಂದಾವು?

ವಸತಿಗೆ ಮಗ ಟ್ರೀಸೆನ್‌ಬರ್ಗ್ ಎಂಬ ಗುಡ್ಡದ ಊರಿನಲ್ಲಿ ಒಂದು ಮನೆ ಹಿಡಿದಿದ್ದ. ಬಸ್ಸು ಸುತ್ತಿ ಸುತ್ತಿ ಏರಿತು. ಒಂದು ತಿರುವಿನಲ್ಲಿ ಮಂಜು ಒಮ್ಮೆಲೆ ಕೆಳಗೆ ಉಳಿಯಿತು. ಮೇಲೆ ನಿಚ್ಚಳ ಬಿಸಿಲು, ಕೆಳಗೆ ರೈನ್ ಕಣಿವೆಯ ತುಂಬ ಹಿಂಜಿದ ಹತ್ತಿ ಸುರುವಿದಂತೆ ಬಿಳುಪು, ಆಚೆ ಸ್ವಿಟ್ಜರ್ಲೆಂಡಿನ ಬೆಟ್ಟಗಳ ಸಾಲು. ನಮ್ಮ ಮನೆಯವರು ಕೈಮುಗಿದರು.

ಮನೆಯೊಡತಿ ಎಪ್ಪತ್ತು ದಾಟಿದ ತಾಯಿ. ಹಂಗಾಮಿನಲ್ಲಿ ಆಕೆಗೆ ಉಸಿರಾಡಲು ಹೊತ್ತಿಲ್ಲವಂತೆ, ಈಗ ನಾವು ಮೂವರೇ ಅತಿಥಿಗಳು. ಮೊಮ್ಮಗ ನಮ್ಮ ಊಟದ ನಿಯಮ ಹೇಳಿದ. ಮಾಂಸ ಇಲ್ಲ, ಮೀನು ಇಲ್ಲ, ತತ್ತಿ ಇಲ್ಲ. ಆಕೆ ತಲೆ ಆಡಿಸಿದಳು. ಉಳ್ಳಾಗಡ್ಡಿ ಇಲ್ಲ, ಆಲೂಗಡ್ಡೆ ಇಲ್ಲ. ಆಕೆ ಹುಬ್ಬು ಏರಿಸಿದಳು. ಸೂರ್ಯ ಮುಳುಗಿದ ಮೇಲೆ ಏನೂ ಇಲ್ಲ. “ಹಾಗಾದರೆ ಇವರು ಇಷ್ಟು ವರ್ಷ ಬದುಕಿದ್ದು ಹೇಗೆ?” ಎಂದು ಕೇಳಿದಳಂತೆ. ಆಮೇಲೆ ಸ್ವಲ್ಪ ಯೋಚಿಸಿ, ನನ್ನ ಅಜ್ಜಿ ಮಾಡುತ್ತಿದ್ದ ರಿಬೆಲ್ ಆದೀತೇ ಎಂದಳು.

ರಿಬೆಲ್ ಎಂದರೆ ಗೋವಿನಜೋಳದ ದಪ್ಪ ರವೆ. ಅದನ್ನು ಹಾಲು ನೀರು ಉಪ್ಪಿನಲ್ಲಿ ಬೇಯಿಸಿ, ಆರಗೊಟ್ಟು, ಬೆಣ್ಣೆ ಹಾಕಿ ಸಣ್ಣ ಉರಿಯ ಮೇಲೆ ಉದುರುದುರಾಗುವ ತನಕ ಹುರಿಯುತ್ತಾರೆ. ಸೇಬು ಹಣ್ಣು ಬೇಯಿಸಿ ಅರೆದದ್ದನ್ನು ಜೊತೆಗೆ ಕೊಡುತ್ತಾರೆ. ನಮ್ಮ ಮನೆಯವರು ಒಲೆಯ ಹತ್ತಿರವೇ ನಿಂತು ನೋಡಿದರು. ತುತ್ತು ಬಾಯಿಗಿಟ್ಟು, “ಇದು ಒಗ್ಗರಣಿ ಇಲ್ಲದ ಉಪ್ಪಿಟ್ಟು” ಎಂದು ನಿರ್ಣಯ ಕೊಟ್ಟರು. ನಾಲ್ಕು ಗಂಟೆಗೆ ಬಿಸಿಬಿಸಿ ಊಟವಾಯಿತು. ಹೋಟೆಲಿನ ಪಟ್ಟಿಯಲ್ಲಿ ಸಿಗದ ಈ ಊಟ ಸಿಕ್ಕಿದ್ದು ಆಕೆಗೆ ಹೊತ್ತಿದ್ದುದರಿಂದ, ಮನೆ ಖಾಲಿಯಿದ್ದುದರಿಂದ.

ಒಂದು ಕಾಲಕ್ಕೆ ಇದು ಬಡವರ ದಿನದ ಅನ್ನ. ಇಂದು ಈ ದೇಶದ ಹೆಸರು ಕೇಳಿದರೆ ಜನ ಬ್ಯಾಂಕು, ತೆರಿಗೆ ಎನ್ನುತ್ತಾರೆ. 2008ರಲ್ಲಿ ಒಂದು ಬ್ಯಾಂಕಿನ ಗುಪ್ತ ಖಾತೆಗಳ ಪಟ್ಟಿ ಹೊರಬಿದ್ದು ದೊಡ್ಡ ಗದ್ದಲವಾಗಿ, ಬಳಿಕ ಬೇರೆ ದೇಶಗಳಿಗೆ ಮಾಹಿತಿ ಕೊಡುವ ಒಪ್ಪಂದಗಳಾದವು. ಆದರೆ ನೂರು ವರ್ಷದ ಹಿಂದೆ ಇದು ಹೊಟ್ಟೆಗೆ ಹೊರಗೆ ಹೋಗುವ ಜನರ ನಾಡು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಬಡವರ ಮಕ್ಕಳು ಮಾರ್ಚ್ ತಿಂಗಳಲ್ಲಿ ನಡೆದುಕೊಂಡು ಜರ್ಮನಿಯ ಶ್ವಾಬಿಯಾಕ್ಕೆ ದನ ಕಾಯಲು ಹೋಗಿ, ನವೆಂಬರಿನ ಸುಮಾರಿಗೆ ಒಂದು ಜೊತೆ ಬಟ್ಟೆ, ಬೂಟು, ನಾಲ್ಕು ಕಾಸು ಪಡೆದು ಮರಳುತ್ತಿದ್ದರು. ಮೊಮ್ಮಗ ಇದನ್ನು ಕೇಳಿ ತನ್ನ ಬೂಟನ್ನು ನೋಡಿಕೊಂಡ.

ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯಾ ಮುಳುಗಿತು, ಅದರ ನಾಣ್ಯ ನಂಬಿದ ಇವರೂ ಮುಳುಗಿದರು. ಆಗ ಬುದ್ಧಿವಂತಿಕೆಯಿಂದ ಮಗ್ಗುಲು ಬದಲಿಸಿ 1923ರಲ್ಲಿ ಸ್ವಿಟ್ಜರ್ಲೆಂಡಿನೊಡನೆ ಸುಂಕದ ಕರಾರು ಮಾಡಿಕೊಂಡರು. ಅದು 1924ರ ಜನವರಿ ಒಂದರಿಂದ ಜಾರಿಗೆ ಬಂತು. ಬಸ್ಸು ನಾಕಾ ಇಲ್ಲದೆ ದಾಟಿದ್ದರ ಮೂಲ ಇದು. ಸ್ವಿಸ್ ಫ್ರಾಂಕೇ ಇವರ ಹಣ. ಆದರೂ ಏಳ್ಗೆ ಕೂಡಲೆ ಬರಲಿಲ್ಲ. 1927ರಲ್ಲಿ ರೈನ್ ಒಡ್ಡು ಒಡೆದು ಕೆಳಗಿನ ಊರುಗಳು ನೀರಲ್ಲಿ ನಿಂತವು. ಮರುವರ್ಷ ದೇಶದ ಉಳಿತಾಯ ಬ್ಯಾಂಕಿನಲ್ಲಿ ಅಫರಾತಫರಿ ಬೆಳಕಿಗೆ ಬಂದು ಸರಕಾರವೇ ಬಿತ್ತು. ನಿಜವಾದ ಏಳ್ಗೆ ಕೈಗಾರಿಕೆಯಿಂದ. ಗೋಡೆಗೆ ರಂಧ್ರ ಕೊರೆಯುವ ಯಂತ್ರಕ್ಕೆ ನಮ್ಮೂರ ಗವಂಡಿಗಳೂ ಹೆಸರು ಹೇಳುವ ಹಿಲ್ಟಿ ಕಂಪನಿ 1941ರಲ್ಲಿ ಶಾನ್ ಎಂಬಲ್ಲಿ ಇಬ್ಬರು ಅಣ್ಣತಮ್ಮಂದಿರು ಶುರುಮಾಡಿದ್ದು. ಕೃತಕ ಹಲ್ಲಿನ ದೊಡ್ಡ ಕಾರಖಾನೆಯೂ ಅಲ್ಲೇ. ಈಗ ಇಲ್ಲಿ ಕೆಲಸ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದಿನಾ ಗಡಿ ದಾಟಿ ಬಂದು ಹೋಗುವವರು. ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ಮತ ಸಿಕ್ಕಿದ್ದು ಮಾತ್ರ 1984ರಲ್ಲಿ. ನಮ್ಮ ಮನೆಯವರು, “ಅಷ್ಟರಾಗ ನಾ ಓಟು ಹಾಕಿ ಬಂದಿದ್ದೆ” ಎಂದರು. ದನಿಯಲ್ಲಿ ಸ್ವಲ್ಪ ಗರ್ವವಿತ್ತು.

ಇನ್ನು ಮುಖ್ಯ ಸಂಗತಿಗೆ ಬರುತ್ತೇವೆ. ಶನಿವಾರ ಬೆಳಿಗ್ಗೆ ಮನೆಯೊಡತಿಯ ಗಂಡ ಅಂಗಳದಲ್ಲಿ ನೆರೆಯವನೊಡನೆ ಮಾತಾಡುತ್ತಿದ್ದ. ಮೊಮ್ಮಗ ಕಿವಿಗೊಟ್ಟು ನಿಂತ, ಆಮೇಲೆ ಒಳಗೆ ಓಡಿಬಂದ. ತನಗೆ ಅರ್ಧವೂ ತಿಳಿಯುತ್ತಿಲ್ಲ ಎಂದ. ನಮ್ಮ ದುಭಾಷಿ ಸೋತದ್ದು ಇದೇ ಮೊದಲು. ಆ ತಾಯಿ ನಕ್ಕು ವಿವರಿಸಿದಳು. ಈ ಊರಿನವರು ವಾಲ್ಸರ್ ಜನ. ಸುಮಾರು 1300ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ವಾಲಿಸ್ ಪ್ರಾಂತದಿಂದ ಬೆಟ್ಟ ಹತ್ತಿ ಇಳಿದು ಇಲ್ಲಿಗೆ ಬಂದವರು. ಕೆಳಗಿನ ಹಸನಾದ ಹೊಲಗಳು ಮೊದಲೇ ಬೇರೆಯವರವು, ಇವರಿಗೆ ಸಿಕ್ಕಿದ್ದು ಗುಡ್ಡದ ಓರೆ. ಏಳುನೂರು ವರ್ಷವಾದರೂ ಬಂದ ನಾಡಿನ ನುಡಿ ಬಿಟ್ಟಿಲ್ಲ. ಊರಿನ ಜನ ಎರಡೂವರೆ ಸಾವಿರ, ಅಷ್ಟೇ. ಮನೆಯಲ್ಲಿ ವಾಲ್ಸರ್ ನುಡಿ, ಕೆಳಗೆ ಪೇಟೆಗೆ ಇಳಿದರೆ ಕಣಿವೆಯವರ ನುಡಿ, ಶಾಲೆಯ ಪುಸ್ತಕದಲ್ಲಿ ಶುದ್ಧ ಜರ್ಮನ್.

ನಾವೂ ಹಾಗೆಯೇ ಎಂದು ಹೇಳು ಎಂದು ಮೊಮ್ಮಗನಿಗೆ ಹೇಳಿದೆವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಠೋಕ ಪೇಟೆಯಲ್ಲಿ ಹಿಂದಿ. ಅವನು ಹೇಳಿದ. ಆಕೆ ಅವನನ್ನೇ ಕೇಳಿದಳು, “ಮತ್ತೆ ನೀನು?” ಅವನು ಆ ಪ್ರಶ್ನೆಯನ್ನು ನಮಗೆ ಅನುವಾದ ಮಾಡಲಿಲ್ಲ. ಆದರೂ ನಮಗೆ ತಿಳಿಯಿತು.

ಆ ದಿನ ಬಸ್ಸಿನಲ್ಲಿ ಇನ್ನೂ ಮೇಲೆ, 1600 ಮೀಟರ್ ಎತ್ತರದ ಮಾಲ್ಬುನ್‌ಗೆ ಹೋದೆವು. ಹಿಮದಾಟದ ಊರು. ಎಲ್ಲ ಬಾಗಿಲು ಹಾಕಿತ್ತು. ತಂತಿಗೆ ಜೋತುಬಿದ್ದ ಕುರ್ಚಿಗಳು ಅಲುಗದೆ ನಿಂತಿದ್ದವು. ಕಂದು ಹುಲ್ಲು, ನೆರಳಿನಲ್ಲಿ ಅಷ್ಟಿಷ್ಟು ಹಿಮ. ನೋಡುವುದು ಬೇರೇನೂ ಇರಲಿಲ್ಲ, ಬಿಸಿಲಿಗೆ ಕುಳಿತು ರೊಟ್ಟಿ ತಿಂದೆವು. ಮೊಮ್ಮಗ ಒಂದು ನೋಟುಬುಕ್ಕು ತೆಗೆದು, ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಬೆಳಿಗ್ಗೆ ಆ ತಾಯಿಯಿಂದ ಕೇಳಿಕೊಂಡ ವಾಲ್ಸರ್ ಶಬ್ದಗಳನ್ನು ಬರೆದ. ಬಲಕ್ಕೆ ಖಾಲಿ. “ಆಯಿ” ಎಂದು ಶುರುಮಾಡಿ ಒಂದೊಂದನ್ನೇ ಕೇಳತೊಡಗಿದ. ದನಕ್ಕೆ ಏನು, ಬೆಣ್ಣೆಗೆ ಏನು, ಕಟ್ಟಿಗೆಗೆ ಏನು. ಅವರು ಹೇಳಿದರು, ಇವನು ಜರ್ಮನ್ ಅಕ್ಷರದಲ್ಲಿ ಬರೆದುಕೊಂಡ. ನಮ್ಮ ಜಮಾ ಖರ್ಚಿನ ಪುಟದಂತೆಯೇ ಕಂಡಿತು. ಹಿಮ ಎಂಬಲ್ಲಿ ನಮ್ಮ ಮನೆಯವರು ತಡೆದರು. ಜತ್ತದಲ್ಲಿ ಹಿಮ ಯಾರು ಕಂಡಿದ್ದಾರೆ? ಕೊನೆಗೆ “ಬರ್ಫ ಅಂತ ಬರಿ” ಎಂದರು.

ರವಿವಾರ ಅಂಗಡಿಗಳೆಲ್ಲ ಬಂದು. ಮನೆಯೊಡತಿ ರಿಬೆಲ್ ಕಟ್ಟಿಕೊಟ್ಟಳು, ನಮ್ಮ ಮನೆಯವರು ಉಳಿದಿದ್ದ ಚಟ್ನಿಯ ಪುಡಿಕೆಯನ್ನು ಆಕೆಯ ಕೈಗಿಟ್ಟರು. ವಾದುಜ್‌ನಿಂದ ನಡೆದು ರೈನ್ ನದಿಯ ಹಳೆಯ ಕಟ್ಟಿಗೆಯ ಸೇತುವೆಗೆ ಬಂದೆವು. 135 ಮೀಟರ್ ಉದ್ದ, ಮೇಲೆ ಮನೆಯಂತೆ ಮಾಡು. ಈಗಿರುವುದು 1901ರಲ್ಲಿ ಮುಗಿದದ್ದು. ನಡುವೆ ಎರಡು ದೇಶಗಳ ಗಡಿಯ ಗುರುತಿದೆ. ಮೊಮ್ಮಗ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ನಿಂತು ನೋಟುಬುಕ್ಕು ತೆಗೆದ. ಇದಕ್ಕೆ ಏನು ಎಂದು ಕಾಲಿನಿಂದ ಹಲಗೆ ಬಡಿದ. ನಾವು ಸೇತುವೆ ಎಂದೆವು. ನಮ್ಮ ಮನೆಯವರು, “ಯಾರಂತಾರ ಹಂಗ? ಪೂಲ್ ಅಂತ ಬರಿ” ಎಂದರು. ಪೂಲ್ ಮರಾಠಿ ಅಲ್ಲವೇ ಎಂದೆವು. “ಇದ್ದರಿರಲಿ, ನಮ್ಮವ್ವನೂ ಹಂಗ ಅಂತಿದ್ದಳು” ಎಂದರು. ಅವನು ಇಬ್ಬರ ಮುಖ ನೋಡಿ ಎರಡನ್ನೂ ಬರೆದುಕೊಂಡ.

ನಾಲ್ಕು ದಾಟಿತ್ತು. ಸೂರ್ಯ ಸ್ವಿಟ್ಜರ್ಲೆಂಡಿನ ಬೆಟ್ಟದ ಅಂಚಿಗೆ ಬಂದಿದ್ದ. ಆಚೆ ದಂಡೆಯಲ್ಲಿ ಕುಳಿತು ಡಬ್ಬಿ ಬಿಚ್ಚಿದೆವು. ರಿಬೆಲ್ ತಣ್ಣಗಾಗಿತ್ತು. ಮೊಮ್ಮಗ ಬೇಗ ಬೇಗ ನಾಲ್ಕು ತುತ್ತು ತಿಂದು, ಬೆಟ್ಟದ ಕಡೆ ಒಮ್ಮೆ ನೋಡಿ, “ಆಯಿ, ಊಟ ಆತೇನು?” ಎಂದ.